ಬೀಕನ್ ರಾಕ್: ಬೆಟ್ಟ ಹೋಯಿತು, ಗಂಟಲು ಉಳಿಯಿತು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ವಾಯವ್ಯ ಮೂಲೆಯಲ್ಲಿ ಕೊಲಂಬಿಯಾ ಎಂಬ ದೊಡ್ಡ ನದಿಯಿದೆ. ಕೆನಡಾದಲ್ಲಿ ಹುಟ್ಟುತ್ತದೆ, ಕ್ಯಾಸ್ಕೇಡ್ ಬೆಟ್ಟಸಾಲನ್ನು ಸೀಳಿಕೊಂಡು ಬಂದು ಪೆಸಿಫಿಕ್ ಸಾಗರ ಸೇರುತ್ತದೆ. ಬೆಟ್ಟ ಸೀಳುವ ಆ ಕಮರಿಯಲ್ಲಿ ನದಿಯೇ ಎರಡು ರಾಜ್ಯಗಳ ಗಡಿ. ಉತ್ತರದ ದಡ ವಾಷಿಂಗ್ಟನ್, ದಕ್ಷಿಣದ ದಡ ಆರೆಗನ್. ಪೋರ್ಟ್‌ಲ್ಯಾಂಡ್ ನಗರದಿಂದ ಸುಮಾರು 55 ಕಿಲೋಮೀಟರ್ ಪೂರ್ವಕ್ಕೆ ಹೋದರೆ, ಉತ್ತರದ ದಡದಲ್ಲಿ, ನೀರಿನ ಅಂಚಿನಲ್ಲೇ ಒಂದು ಬಂಡೆ ಒಂಟಿಯಾಗಿ ನಿಂತಿದೆ. ಎತ್ತರ 848 ಅಡಿ, ಅಂದರೆ 258 ಮೀಟರ್. ಅದರ ಹೆಸರು ಬೀಕನ್ ರಾಕ್.

ಅದರ ಚಿತ್ರ ತೋರಿಸಲು ರೇಡಿಯೊದಲ್ಲಿ ದಾರಿಯಿಲ್ಲ. ಹಾಗಾಗಿ ನೀವೇ ಕಲ್ಪಿಸಿಕೊಳ್ಳಬೇಕು. ನಾಲ್ಕೂ ಕಡೆ ಕಡಿದಾದ ಗೋಡೆ. ಕಲ್ಲಿನ ಬಣ್ಣ ಕಪ್ಪು ಬೆರೆತ ಬೂದು. ತಲೆಯ ಮೇಲೆ ಮತ್ತು ಸಂದುಗಳಲ್ಲಿ ಒಂದಿಷ್ಟು ಮರ. ನದಿಯ ಕಡೆಯ ಗೋಡೆಯಲ್ಲಿ ಮೇಲಿಂದ ಕೆಳಗೆ ಉದ್ದುದ್ದ ಬಿರುಕುಗಳು. ಕಲ್ಲು ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಕಾಣುತ್ತದೆ.

ಇದು ಒಂದು ಜ್ವಾಲಾಮುಖಿಯ ಗಂಟಲು. ಬಾಯಿಯಲ್ಲ, ಬೆಟ್ಟವೂ ಅಲ್ಲ, ಬರೀ ಗಂಟಲು. ಭೂಮಿಯೊಳಗಿನ ಕರಗಿದ ಕಲ್ಲು ಮೇಲಕ್ಕೆ ಏರಿ ಬರಲು ಒಂದು ಕೊಳವೆ ಬೇಕು. ಅದರ ಬಾಯಿಯ ಸುತ್ತ ಬೂದಿ, ಕಿಟ್ಟ, ಸುಟ್ಟ ಕಲ್ಲುಚೂರುಗಳು ಬಿದ್ದು ಗುಡ್ಡ ಬೆಳೆಯುತ್ತದೆ. ಸ್ಫೋಟ ಮುಗಿದ ಮೇಲೆ ಕೊಳವೆಯಲ್ಲಿ ಉಳಿದ ಲಾವಾ ಅಲ್ಲೇ ತಣ್ಣಗಾಗಿ ಗಟ್ಟಿಯಾಗುತ್ತದೆ. ಸೀಸೆಯ ಬಾಯಿಗೆ ಬಿರಡೆ ಹಾಕಿದಂತೆ ದಾರಿ ಮುಚ್ಚಿಹೋಗುತ್ತದೆ. ಹೊರಗಿನ ಗುಡ್ಡ ಸಡಿಲ, ಕೈಯಲ್ಲಿ ಕೆದಕಿದರೂ ಉದುರುವಂಥದ್ದು. ಒಳಗಿನದ್ದು ಒಂದೇ ಗಟ್ಟಿ ಕಲ್ಲು. ಮುಂದೆ ಮಳೆ ಬಂದರೂ ಪ್ರವಾಹ ಬಂದರೂ ಮೊದಲು ಹೋಗುವುದು ಯಾವುದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಆ ಕಂಬಗಳ ಗುಟ್ಟೂ ಇದರಲ್ಲೇ ಇದೆ. ಲಾವಾ ತಣಿಯುತ್ತಾ ಕುಗ್ಗುತ್ತದೆ. ಗಟ್ಟಿಯಾದ ಕಲ್ಲಿಗೆ ಬಾಗಿ ಬಳುಕಿ ಕುಗ್ಗಲು ಬರುವುದಿಲ್ಲ, ಅದು ಒಡೆಯಲೇಬೇಕು. ಶಾಖ ಯಾವ ಕಡೆಯಿಂದ ಹೊರಹೋಗುತ್ತದೋ ಆ ಕಡೆಯಿಂದಲೇ ಬಿರುಕುಗಳು ಒಳಕ್ಕೆ ಬೆಳೆಯುತ್ತವೆ. ಒಂದು ಬಿರುಕು ಇನ್ನೊಂದನ್ನು ಸೇರಿ ಐದು ಮೂಲೆಯ, ಆರು ಮೂಲೆಯ ಕಂಬಗಳಾಗುತ್ತವೆ. ಯಾರೂ ಕೆತ್ತಿದ್ದಲ್ಲ. ಭೂವಿಜ್ಞಾನಿಗಳು ಕಂಬದ ದಿಕ್ಕು ನೋಡಿಯೇ ಆ ಕಲ್ಲು ಯಾವ ಕಡೆಯಿಂದ ತಣ್ಣಗಾಯಿತು ಅಂತ ಹೇಳುತ್ತಾರೆ.

ಈಗ ವಯಸ್ಸಿನ ವಿಚಾರ. ಕೊಲಂಬಿಯಾ ಕಮರಿಗೆ ಹೋದವರಿಗೆ ಮೊದಲು ಕಾಣುವುದು ಆರೆಗನ್ ದಡದ ಕಪ್ಪು ಗೋಡೆಗಳು ಮತ್ತು ಅವುಗಳಿಂದ ಧುಮುಕುವ ಜಲಪಾತಗಳು. ಮಲ್ಟ್‌ನೋಮಾ ಜಲಪಾತದ ಹೆಸರು ಕೆಲವರು ಕೇಳಿರಬಹುದು. ಆ ಗೋಡೆಗಳೂ ಲಾವಾದ್ದೇ, ಆದರೆ ಬಲು ಹಳೆಯವು. ಸುಮಾರು 1.7 ಕೋಟಿ ವರ್ಷಗಳ ಹಿಂದೆ ಪೂರ್ವದ ಕಡೆ ನೆಲ ಉದ್ದಕ್ಕೂ ಬಿರಿದು ಲಾವಾ ಹರಿಯತೊಡಗಿತು. ಬಿಟ್ಟು ಬಿಟ್ಟು, ಲಕ್ಷಾಂತರ ವರ್ಷ ಹರಿಯಿತು. ಎರಡು ಲಕ್ಷ ಚದರ ಕಿಲೋಮೀಟರ್‌ಗೂ ಮಿಕ್ಕಿದ ಜಾಗವನ್ನು ಮುಚ್ಚಿ, ಕೆಲವು ಹರಿವುಗಳು ಸಾಗರದವರೆಗೂ ತಲುಪಿದವು. ಬೀಕನ್ ರಾಕ್ ನೋಡಿದವರಿಗೆ ಇದೂ ಆ ಲಾವಾದ ಒಂದು ತುಂಡೇ ಇರಬೇಕು ಅನ್ನಿಸುತ್ತದೆ. ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಬೀಕನ್ ರಾಕ್‌ನ ವಯಸ್ಸು ಸುಮಾರು 57 ಸಾವಿರ ವರ್ಷ. ಕೋಟಿಗಳ ಮುಂದೆ ಇದು ಏನೂ ಅಲ್ಲ. ಇದು ಉಗುಳಿದ ಕಾಲಕ್ಕೆ ಯುರೋಪಿನಲ್ಲಿ ನಿಯಾಂಡರ್ತಾಲ್ ಎಂಬ, ಈಗ ಅಳಿದುಹೋದ ಆದಿಮಾನವರು ಇನ್ನೂ ಬದುಕಿದ್ದರು. ನಾವು ಬಾಯಿ ತುಂಬ ಪುರಾತನ ಅನ್ನುತ್ತೇವೆ, ಆದರೆ ಆ ಕಮರಿಯ ಕಲ್ಲುಗಳ ನಡುವೆ ಇದು ಎಳೆಯ ಕೂಸು.

ಈ ವಯಸ್ಸು ಹೇಗೆ ಗೊತ್ತಾಯಿತು? ಕಲ್ಲಿನಲ್ಲಿ ಪೊಟ್ಯಾಸಿಯಮ್ ಇರುತ್ತದೆ. ಅದರಲ್ಲಿ ಅತಿ ಸ್ವಲ್ಪ ಭಾಗ ತಾನಾಗಿಯೇ, ಗೊತ್ತಾದ ವೇಗದಲ್ಲಿ, ಆರ್ಗಾನ್ ಅನಿಲವಾಗುತ್ತಾ ಹೋಗುತ್ತದೆ. ಕಲ್ಲು ಕರಗಿದ್ದಾಗ ಆ ಅನಿಲ ಹೊರಗೆ ಹೋಗಿಬಿಡುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ ಆರ್ಗಾನ್‌ಗೆ ಹೋಗಲು ದಾರಿಯಿಲ್ಲ, ಒಳಗೇ ಉಳಿಯುತ್ತದೆ. ಅದನ್ನು ಅಳೆದರೆ ಕಲ್ಲು ಎಂದು ಗಟ್ಟಿಯಾಯಿತು ಅಂತ ತಿಳಿಯುತ್ತದೆ. ಇಷ್ಟು ಎಳೆಯ ಕಲ್ಲಿನಲ್ಲಿ ಸೇರಿರುವ ಆರ್ಗಾನ್ ತುಂಬಾ ಕಡಿಮೆ, ಹಾಗಾಗಿ ಅಳತೆ ಬಹಳ ನಾಜೂಕಿನ ಕೆಲಸ.

ಬೀಕನ್ ರಾಕ್ ಒಂದು ದೊಡ್ಡ ಗುಂಪಿಗೆ ಸೇರಿದ್ದು. ಅದಕ್ಕೆ ಬೋರಿಂಗ್ ಜ್ವಾಲಾಮುಖಿ ಕ್ಷೇತ್ರ ಅನ್ನುತ್ತಾರೆ. ಬೋರಿಂಗ್ ಅನ್ನುವುದು ಆರೆಗನ್‌ನ ಒಂದು ಊರು. ಪೋರ್ಟ್‌ಲ್ಯಾಂಡ್ ನಗರದ ಒಳಗೆ ಮತ್ತು ಸುತ್ತಮುತ್ತ ಇಂಥ 80ಕ್ಕೂ ಹೆಚ್ಚು ಸಣ್ಣ ಜ್ವಾಲಾಮುಖಿಗಳಿವೆ. ಮೊದಲನೆಯವು ಸುಮಾರು 27 ಲಕ್ಷ ವರ್ಷಗಳ ಹಿಂದಿನವು. ಎಲ್ಲಕ್ಕಿಂತ ಕಿರಿಯದು ಬೀಕನ್ ರಾಕ್. ನಗರದ ನಡುವೆ ಇರುವ ಮೌಂಟ್ ಟೇಬರ್ ಈಗ ಉದ್ಯಾನ. ಜನ ಬೆಳಿಗ್ಗೆ ಅದರ ಮೇಲೆ ವಾಕಿಂಗ್ ಹೋಗುತ್ತಾರೆ, ಕಾಲ ಕೆಳಗೆ ಜ್ವಾಲಾಮುಖಿ. ಇವು ಆ ಸೀಮೆಯ ದೊಡ್ಡ ಜ್ವಾಲಾಮುಖಿಗಳಾದ ಮೌಂಟ್ ಹುಡ್‌ನಂತೆ, ಸೇಂಟ್ ಹೆಲೆನ್ಸ್‌ನಂತೆ ಮತ್ತೆ ಮತ್ತೆ ಏಳುವ ಜಾತಿಯವಲ್ಲ. ಒಂದು ಬಾಯಿ ಒಮ್ಮೆ ತೆರೆದು, ಒಂದಿಷ್ಟು ಕಾಲ ಉಗುಳಿ, ಮುಚ್ಚಿಕೊಂಡರೆ ಆಯಿತು. ಆಮೇಲೆ ಲಾವಾ ಬಂದರೂ ಹೊಸ ಜಾಗದಲ್ಲಿ ಹೊಸ ಬಾಯಿ ತೆರೆಯುತ್ತದೆ. ಹಾಗಾಗಿ ಬೀಕನ್ ರಾಕ್ ಮತ್ತೆ ಏಳುತ್ತದೆ ಅಂತ ಯಾರಾದರೂ ಹೆದರಿಸಿದರೆ ಸುಮ್ನೆ ನಕ್ಕುಬಿಡಿ.

ಸರಿ, ಗಂಟಲು ಇಲ್ಲಿದೆ. ಅದರ ಸುತ್ತ ಇದ್ದ ಗುಡ್ಡ ಎಲ್ಲಿ? 57 ಸಾವಿರ ವರ್ಷದಲ್ಲಿ ಬರೀ ಮಳೆಗೆ ಒಂದು ಗುಡ್ಡ ಇಷ್ಟು ಚೊಕ್ಕವಾಗಿ ಮಾಯವಾಗುವುದು ಕಷ್ಟ. ಬೋರಿಂಗ್ ಕ್ಷೇತ್ರದಲ್ಲಿ ಇದಕ್ಕಿಂತ ಎಷ್ಟೋ ಹಳೆಯ ಗುಡ್ಡಗಳು ಇಂದಿಗೂ ಗುಡ್ಡಗಳಾಗಿಯೇ ಇವೆ. ಇಲ್ಲಿ ಬೇರೆ ಏನೋ ನಡೆದಿದೆ. ನನ್ನ ಮಟ್ಟಿಗೆ ಈ ಬಂಡೆಯ ಕಥೆಯಲ್ಲಿ ಬೆಂಕಿಗಿಂತ ನೀರಿನ ಪಾಲೇ ಜಾಸ್ತಿ.

ಹಿಮಯುಗದ ಕೊನೆಯ ಕಾಲ. ಕೆನಡಾದ ಕಡೆಯಿಂದ ಇಳಿದು ಬಂದ ಹಿಮದ ಹಾಸಿನ ಒಂದು ನಾಲಿಗೆ ಕ್ಲಾರ್ಕ್ ಫೋರ್ಕ್ ಎಂಬ ನದಿಗೆ ಅಡ್ಡ ಬಂತು. ನದಿಗೆ ಹಿಮದ ಅಣೆಕಟ್ಟು. ಹಿಂದೆ ನೀರು ನಿಂತು, ಈಗಿನ ಮೊಂಟಾನಾ ರಾಜ್ಯದ ಕಣಿವೆಗಳೆಲ್ಲ ತುಂಬಿ ದೊಡ್ಡ ಸರೋವರವಾಯಿತು. ಇದಕ್ಕೆ ಮಿಸ್ಸೌಲಾ ಸರೋವರ ಅನ್ನುತ್ತಾರೆ. ಕಟ್ಟೆಯ ಬಳಿ ನೀರಿನ ಆಳ ಸುಮಾರು 600 ಮೀಟರ್. ನೀರು ಒಟ್ಟು 2,000 ಘನ ಕಿಲೋಮೀಟರ್‌ಗೂ ಹೆಚ್ಚು. ಹಿಮ ನೀರಿಗಿಂತ ಹಗುರ, ತೇಲುತ್ತದೆ. ಅಷ್ಟು ಆಳದ ನೀರನ್ನು ಹಿಮದ ಕಟ್ಟೆ ಎಷ್ಟು ದಿನ ತಡೆದೀತು? ಕಟ್ಟೆ ಒಡೆಯಿತು, ಸರೋವರ ಕೆಲವೇ ದಿನಗಳಲ್ಲಿ ಬರಿದಾಯಿತು.

ಆ ನೀರೆಲ್ಲ ಪೂರ್ವ ವಾಷಿಂಗ್ಟನ್ ಬಯಲಿನ ಮೇಲೆ ಹಾದು, ಮಣ್ಣನ್ನು ಬಂಡೆಯವರೆಗೂ ಕೆರೆದು, ಕೊನೆಗೆ ಕೊಲಂಬಿಯಾ ಕಮರಿಯೊಳಗೆ ನುಗ್ಗಿತು. ಬೇರೆ ದಾರಿಯೇ ಇರಲಿಲ್ಲ. ಕಮರಿ ದಾಟಿ ಹರಡಿಕೊಂಡ ಮೇಲೂ, ಈಗ ಪೋರ್ಟ್‌ಲ್ಯಾಂಡ್ ಇರುವ ಜಾಗದಲ್ಲಿ ನೀರು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರಕ್ಕೆ ಏರಿತ್ತು. ಇಕ್ಕಟ್ಟಿನ ಕಮರಿಯಲ್ಲಿ ಇನ್ನೂ ಎತ್ತರ. ಹಿಮದ ಗಡ್ಡೆಗಳಲ್ಲಿ ಸಿಕ್ಕಿಕೊಂಡ ದೂರದ ಗ್ರಾನೈಟ್ ಗುಂಡುಗಳು ಆರೆಗನ್‌ನ ವಿಲ್ಲಾಮೆಟ್ ಕಣಿವೆಯಲ್ಲಿ ಇಂದಿಗೂ ಸಿಗುತ್ತವೆ. ಅಲ್ಲೇ ಸಿಕ್ಕ, 14 ಟನ್ ತೂಕದ ಒಂದು ಕಬ್ಬಿಣದ ಉಲ್ಕೆಯೂ ಹಾಗೇ ಹಿಮದ ಮೇಲೆ ಕೂತು ಬಂದಿದ್ದು ಅಂತ ಅಂದಾಜು. ಈಗ ಅದು ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಇದು ಒಂದೇ ಸಲ ಆಗಿದ್ದಲ್ಲ. ಕಟ್ಟೆ ಒಡೆದ ಮೇಲೆ ಹಿಮ ಮತ್ತೆ ಮುಂದೆ ಬಂತು, ಮತ್ತೆ ಕಟ್ಟೆ ಆಯಿತು, ಮತ್ತೆ ತುಂಬಿತು, ಮತ್ತೆ ಒಡೆಯಿತು. ಸುಮಾರು 18 ಸಾವಿರದಿಂದ 15 ಸಾವಿರ ವರ್ಷಗಳ ಹಿಂದಿನ ಅವಧಿಯಲ್ಲಿ ಇಂಥ ಹತ್ತಾರು ಪ್ರವಾಹಗಳು ಬಂದಿವೆ. ಪ್ರತಿ ಸಲವೂ ನದಿಯ ಅಂಚಿನಲ್ಲಿ ಕೂತಿದ್ದ ಆ ಸಡಿಲ ಗುಡ್ಡಕ್ಕೆ ಏಟು. ಕೊನೆಗೆ ಸುತ್ತಿನದ್ದೆಲ್ಲ ಕೊಚ್ಚಿಹೋಗಿ, ಗಟ್ಟಿ ಗಂಟಲೊಂದೇ ಬತ್ತಲೆಯಾಗಿ ನಿಂತಿತು.

ಈ ಪ್ರವಾಹದ ಮಾತನ್ನು ವಿಜ್ಞಾನಿಗಳೇ ಬಹಳ ಕಾಲ ಒಪ್ಪಲಿಲ್ಲ. ಜೆ. ಹಾರ್ಲೆನ್ ಬ್ರೆಟ್ಜ್ ಎಂಬ ಭೂವಿಜ್ಞಾನಿ ಪೂರ್ವ ವಾಷಿಂಗ್ಟನ್‌ನಲ್ಲಿ ಬೇಸಗೆ ಬೇಸಗೆ ನಡೆದಾಡಿ, ಒಣಗಿದ ಜಲಪಾತಗಳನ್ನೂ ಕೆರೆದುಹೋದ ಬಂಡೆಗಳನ್ನೂ ನೋಡಿ, 1923ರಲ್ಲಿ ಇದು ಮಹಾಪ್ರವಾಹದ ಕೆಲಸ ಅಂತ ಬರೆದರು. ಆ ಕಾಲದ ಪಂಡಿತರಿಗೆ ಇದು ನುಂಗಲಾರದ ತುತ್ತಾಯಿತು. ಭೂಮಿಯ ರೂಪ ಬದಲಾಗುವುದು ನಿಧಾನವಾಗಿ, ಕಣ ಕಣವಾಗಿ ಅನ್ನುವುದು ಅವರ ನಂಬಿಕೆ. 1927ರಲ್ಲಿ ದೇಶದ ರಾಜಧಾನಿ ವಾಷಿಂಗ್ಟನ್ ನಗರದ ಒಂದು ಸಭೆಯಲ್ಲಿ ಬ್ರೆಟ್ಜ್ ಅವರನ್ನು ಕೂರಿಸಿ ಒಬ್ಬರಾದ ಮೇಲೆ ಒಬ್ಬರು ತಪ್ಪು ಎಣಿಸಿದರು. ಅಷ್ಟು ನೀರು ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಅವರ ಬಳಿ ಒಳ್ಳೆಯ ಉತ್ತರ ಇರಲಿಲ್ಲ ಅನ್ನುವುದೂ ನಿಜ. ಉತ್ತರ ಇದ್ದದ್ದು ಜೋಸೆಫ್ ಪಾರ್ಡಿ ಎಂಬ ಇನ್ನೊಬ್ಬರ ಬಳಿ. ಮಿಸ್ಸೌಲಾ ಸರೋವರದ ಬಗ್ಗೆ ಅವರು 1910ರಲ್ಲೇ ಬರೆದಿದ್ದರು. ಸರೋವರದ ತಳದಲ್ಲಿ ಬೆಣಚುಕಲ್ಲಿನ ದೈತ್ಯ ಅಲೆಗಳನ್ನು ಗುರುತಿಸಿ, ನೀರು ಒಮ್ಮೆಲೇ ನುಗ್ಗಿ ಹೋಗಿದೆ ಅಂತ 1942ರಲ್ಲಿ ಪ್ರಕಟಿಸಿದರು. ಹೊಳೆಯ ಮರಳಿನಲ್ಲಿ ಬೆರಳುದ್ದದ ಅಲೆಗೆರೆಗಳು ಮೂಡುತ್ತವಲ್ಲ, ಅಲ್ಲಿ ಅವು ಒಂದೊಂದೂ ಹಲವು ಮೀಟರ್ ಎತ್ತರ. ಆ ಮೇಲೆ ವಾದ ಮಾಡುವವರು ಕಡಿಮೆಯಾದರು. ಬ್ರೆಟ್ಜ್ ಅವರಿಗೆ ಅಮೆರಿಕದ ಭೂವಿಜ್ಞಾನ ಸಂಘದ ಪೆನ್‌ರೋಸ್ ಪದಕ ಸಿಕ್ಕಿದ್ದು 1979ರಲ್ಲಿ. ಆಗ ಅವರಿಗೆ 96 ವರ್ಷ.

ಜನರ ಕಥೆಯನ್ನೂ ಸ್ವಲ್ಪ ಹೇಳಬೇಕು. ಪಶ್ಚಿಮದ ನೆಲ ಶೋಧಿಸಲು ಅಮೆರಿಕ ಸರ್ಕಾರ ಕಳಿಸಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ದೋಣಿಗಳಲ್ಲಿ ಪೆಸಿಫಿಕ್ ಕಡೆಗೆ ಹೋಗುವಾಗ, 1805ರ ಅಕ್ಟೋಬರ್ ಕೊನೆಯಲ್ಲಿ ಈ ಬಂಡೆಯನ್ನು ನೋಡಿತು. ಬೀಕನ್ ರಾಕ್ ಎಂಬ ಹೆಸರು ಅವರ ದಿನಚರಿಯಿಂದ ಬಂದಿದ್ದು. ಸಮುದ್ರದ ಉಬ್ಬರವಿಳಿತ ಇಲ್ಲಿಂದ ಕೆಳಗೆ ನದಿಯಲ್ಲಿ ಗೊತ್ತಾಗುತ್ತದೆ ಅಂತಲೂ ಅವರು ಗಮನಿಸಿದರು. ಸಮುದ್ರ ಇಲ್ಲಿಂದ 200 ಕಿಲೋಮೀಟರ್‌ಗೂ ದೂರ! ನಡುವೆ ಜನ ಇದನ್ನು ಕ್ಯಾಸಲ್ ರಾಕ್ ಅಂತ ಕರೆಯತೊಡಗಿದರು. 1916ರಲ್ಲಿ ಹಳೆಯ ಹೆಸರೇ ಮತ್ತೆ ಅಧಿಕೃತವಾಯಿತು.

ಅಷ್ಟರಲ್ಲಿ ಬಂಡೆಯೇ ಇಲ್ಲವಾಗುವ ಅಪಾಯವೂ ಬಂದಿತ್ತು. ಕೊಲಂಬಿಯಾ ಸಮುದ್ರ ಸೇರುವ ಕಡೆ ಅಲೆ ತಡೆಯುವ ಗೋಡೆ ಕಟ್ಟಲು ರಾಶಿ ರಾಶಿ ಕಲ್ಲು ಬೇಕಿತ್ತು. ಇದನ್ನು ಸಿಡಿಸಿ ಕಲ್ಲು ತೆಗೆಯುವ ಯೋಚನೆ ನಡೆದಿತ್ತು. 1915ರಲ್ಲಿ ಹೆನ್ರಿ ಬಿಡಲ್ ಎಂಬವರು ಬಂಡೆಯನ್ನು ಕೊಂಡರು. ಬೆಲೆ ಒಂದು ಡಾಲರ್, ಷರತ್ತು ಅದನ್ನು ಉಳಿಸಿಕೊಳ್ಳಬೇಕು ಅನ್ನುವುದು. ತುದಿಯವರೆಗೆ ದಾರಿ ಮಾಡಬೇಕು ಅನ್ನುವ ಹುಚ್ಚು ಅವರಿಗೆ. 1918ರ ಹೊತ್ತಿಗೆ ಕಲ್ಲನ್ನೇ ಕೊರೆದು ದಾರಿ ಮುಗಿಸಿದರು. ಹಿಂದೆ ಮುಂದೆ, ಹಿಂದೆ ಮುಂದೆ, 50ಕ್ಕೂ ಹೆಚ್ಚು ತಿರುವುಗಳು, ಪಕ್ಕಕ್ಕೆ ಕಂಬಿ. ಬಿಡಲ್ ತೀರಿಕೊಂಡ ಮೇಲೆ ಮನೆಯವರು ಇದನ್ನು ವಾಷಿಂಗ್ಟನ್ ರಾಜ್ಯಕ್ಕೆ ಕೊಡಲು ಹೋದರೆ ಮೊದಲು ಬೇಡ ಅಂದರಂತೆ. ಆಚೆ ದಡದ ಆರೆಗನ್ ನಾವು ತೆಗೆದುಕೊಳ್ಳುತ್ತೇವೆ ಅಂದ ಮೇಲೆ ಈಚೆಯವರಿಗೆ ಆಸೆ ಬಂತು. 1935ರಲ್ಲಿ ಅದು ವಾಷಿಂಗ್ಟನ್‌ನ ಉದ್ಯಾನವಾಯಿತು. ಪಕ್ಕದ ಮನೆಯವರು ಕೈ ಚಾಚಿದ ಮೇಲೇ ಬೆಲೆ ಗೊತ್ತಾಗುವುದು ಸರ್ಕಾರಗಳಿಗೂ ಇದೆ ನೋಡಿ.

ಇನ್ನೊಂದು ಮಾತು. ಯುರೋಪಿನ ಜಿಬ್ರಾಲ್ಟರ್ ಬಂಡೆ ಬಿಟ್ಟರೆ ಇದೇ ಜಗತ್ತಿನ ಎರಡನೇ ದೊಡ್ಡ ಒಂಟಿಕಲ್ಲು ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಜಿಬ್ರಾಲ್ಟರ್ ಸುಣ್ಣದ ಕಲ್ಲು, ಅದರ ಹುಟ್ಟೇ ಬೇರೆ. ದೊಡ್ಡದೇ ಬೇಕು ಅಂದರೆ ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ ಎಲ್ ಕ್ಯಾಪಿಟನ್ ಸುಮಾರು 900 ಮೀಟರ್ ಎತ್ತರದ ಗೋಡೆಯಾಗಿ ನಿಂತಿದೆ.

ಬಿಡಲ್ ಅವರ ದಾರಿಯಲ್ಲಿ ತುದಿಗೆ ಹೋದರೆ ಕಮರಿಯ ಉದ್ದಕ್ಕೂ ಕಾಣುತ್ತದೆ. ನದಿಯ ಮೇಲ್ಭಾಗಕ್ಕೆ ಬಾನೆವಿಲ್ ಅಣೆಕಟ್ಟಿದೆ. ಅದರ ಉತ್ತರಕ್ಕೆ ಟೇಬಲ್ ಮೌಂಟನ್, ಅದರ ಒಂದು ಮಗ್ಗುಲು ಕಡಿದಂತೆ ಬೋಳಾಗಿದೆ. ಪ್ರವಾಹಗಳು ಕಮರಿಯ ಇಳಿಜಾರುಗಳನ್ನು ಬುಡದಲ್ಲಿ ಕೊರೆದು ಹೋಗಿದ್ದವು. ಮೇಲೆ ಭಾರದ ಲಾವಾ, ಕೆಳಗೆ ಬೂದಿ ಮಣ್ಣಿನ ಮೆತ್ತನೆಯ ಪದರ, ಆ ಪದರ ನದಿಯ ಕಡೆಗೇ ಓರೆ. ಹೀಗಿದ್ದರೆ ಜಾರದೆ ಇನ್ನೇನು? ಸುಮಾರು 600 ವರ್ಷಗಳ ಹಿಂದೆ ಬೆಟ್ಟದ ಆ ಮಗ್ಗುಲು ಕುಸಿದು ಕೊಲಂಬಿಯಾಕ್ಕೇ ಅಡ್ಡ ಬಿತ್ತು. ನದಿ ಸ್ವಲ್ಪ ಕಾಲ ನಿಂತುಬಿಟ್ಟಿತು. ಅಲ್ಲಿನ ಮೂಲ ನಿವಾಸಿಗಳು ನದಿಯ ಮೇಲೆ ದೇವರು ಕಟ್ಟಿದ ಸೇತುವೆಯ ಕಥೆ ಹೇಳುತ್ತಿದ್ದರು. ಆಚೆ ದಡಕ್ಕೆ ನಡೆದು ದಾಟುವ ದಾರಿ ಆಗ ನಿಜಕ್ಕೂ ಇದ್ದಿರಬೇಕು. ಲೂಯಿಸ್ ಮತ್ತು ಕ್ಲಾರ್ಕ್ 1806ರಲ್ಲಿ ವಾಪಸ್ಸು ಬರುವಾಗ ನೀರಿನೊಳಗೆ ನಿಂತ ಸತ್ತ ಮರಗಳನ್ನು ಕಂಡು, ಬೆಟ್ಟದಿಂದ ಕಲ್ಲು ಬಿದ್ದು ನದಿ ಕಟ್ಟಿಕೊಂಡಿದೆ, ಅದೂ ಈಚೆಗೆ 20 ವರ್ಷದೊಳಗೆ ಅಂತ ಬರೆದರು. ಕಾರಣ ಸರಿಯಾಗಿ ಹೇಳಿದರು, ಕಾಲ ಮಾತ್ರ ತಪ್ಪಿತು. ಆ ಕುಸಿತದ ಕಲ್ಲುಗಳಿಂದಲೇ ಅಲ್ಲಿ ರಭಸದ ಇಳಿಜಾರು ನೀರು ಉಂಟಾಗಿತ್ತು. ಇಡೀ ಕ್ಯಾಸ್ಕೇಡ್ ಬೆಟ್ಟಸಾಲಿಗೆ ಹೆಸರು ಬಂದಿದ್ದು ಆ ನೀರಿನಿಂದ. 1938ರಲ್ಲಿ ಬಾನೆವಿಲ್ ಅಣೆಕಟ್ಟು ಅದನ್ನು ಮುಳುಗಿಸಿತು.

ಹೋಗುವವರಿಗೆ ಒಂದು ಸೂಚನೆ. ನಡೆದು ಹತ್ತುವ ದಾರಿ ಬೇರೆ, ಹಗ್ಗ ಹಾಕಿ ಹತ್ತುವ ನದಿ ಕಡೆಯ ಗೋಡೆ ಬೇರೆ. ಲಾವಾ ಕುಗ್ಗಿ ಮೂಡಿದ ಬಿರುಕುಗಳೇ ಶಿಲಾರೋಹಿಗಳಿಗೆ ಕೈ ಹಿಡಿ. ಆದರೆ ಅದೇ ಗೋಡೆಯಲ್ಲಿ ಪೆರಿಗ್ರಿನ್ ಡೇಗೆಗಳು ಗೂಡು ಮಾಡುತ್ತವೆ. ಹಾಗಾಗಿ ಪ್ರತಿ ವರ್ಷ ಫೆಬ್ರವರಿಯಿಂದ ಜುಲೈ ನಡುವಿನವರೆಗೆ ಆ ಗೋಡೆ ಹತ್ತುವಂತಿಲ್ಲ. ನಮಸ್ಕಾರ.