ನೋಡೋಣಿಗರು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೊಪ್ಪಳದ ಕಡೆ ಏನೇ ಕೇಳಿ, ಮೊದಲು ಬರುವ ಉತ್ತರ ‘ನೋಡೋಣ ತಗೋರಿ’. ಟೇಲರ್ ಅಂಗಡಿಯಲ್ಲಿ ಜಂಪರ್ ಯಾವಾಗ ಕೊಡ್ತೀರಿ ಅಂದರೆ ನೋಡೋಣ. ಸಂತೆಯಲ್ಲಿ ಬದನೆಕಾಯಿ ದರ ಇಳಿಸ್ರಿ ಅಂದರೂ ನೋಡೋಣ. ಹೂಂ ಅಂದಂಗೂ ಅಲ್ಲ, ಊಹೂಂ ಅಂದಂಗೂ ಅಲ್ಲ.

ಈ ಮಾತು ಹಿಡಿದು ನಮ್ಮ ಓಣಿಯ ಮಕ್ಕಳು ಒಂದು ಆಟ ಕಟ್ಟಿದ್ದಾರೆ. ಸಂಜೆ ಕಟ್ಟೆ ಮೇಲೆ ಕೂತು ‘ನೋಡೋಣ’ದಿಂದ ಹೊಸ ಪದ ಹುಟ್ಟಿಸುತ್ತಾರೆ. ಸದಾ ನೋಡೋಣ ಅನ್ನುವವನು ನೋಡೋಣಿಗ, ಗಾಣಿಗ, ಲೆಕ್ಕಿಗ ಇದ್ದ ಹಾಗೆ. ಹೆಂಗಸಾದರೆ ನೋಡೋಣಗಿತ್ತಿ. ಆ ಸ್ವಭಾವ ನೋಡೋಣತನ.

ನನಗೆ ಜಾಸ್ತಿ ಹಿಡಿಸಿದ್ದು ಒಂದು ಕ್ರಿಯಾಪದ. ಜಂಪರ್ ತರಲು ಹೋದ ಹುಡುಗಿ ಬರಿಗೈಲಿ ಬಂದು ಹೇಳಿದಳು, “ಯವ್ವಾ, ಅಂವ ಇವತ್ತೂ ನನ್ನ ನೋಡೋಣಿಸಿ ಕಳಿಸಿದ.” ಅವ್ವ ಹಂಗಂದ್ರೇನು ಅಂತ ಕೇಳಲಿಲ್ಲ. “ನಾಳೆ ನಾನ ಹೋಗ್ತೀನಿ. ನನ್ನ ಹೆಂಗ ನೋಡೋಣಿಸ್ತಾನ, ನಾನೂ ನೋಡ್ತೀನಿ” ಅಂದಳು. ಆಗತಾನೆ ಕಿವಿಗೆ ಬಿದ್ದ ಪದ, ತಕ್ಷಣ ಬಾಯಿಗೆ ಬಂತು! ‘ಇಸು’ ಹಚ್ಚಿ ಕ್ರಿಯಾಪದ ಮಾಡುವುದು ನಮ್ಮ ನಾಲಗೆಗೆ ರೂಢಿ. ಸಂಸ್ಕೃತದಿಂದ ಬಂದ ಪ್ರೀತಿಯನ್ನು ಪ್ರೀತಿಸು ಮಾಡಿಕೊಂಡೆವು, ಗಮನವನ್ನು ಗಮನಿಸು ಮಾಡಿಕೊಂಡೆವು.

ಹಾಗಂತ ಬಾಯಿಗೆ ಬಂದದ್ದೆಲ್ಲ ನಡೆಯುವುದಿಲ್ಲ. ಒಬ್ಬ ಹುಡುಗ ‘ನೋಡೋಣವಂತ’ ಅಂದ. ಉಳಿದವರು ಒಪ್ಪಲಿಲ್ಲ. ಗುಣವಂತ, ಹಣವಂತ ಅನ್ನುತ್ತೇವಲ್ಲ, ಇದ್ದರೆ ಒಳ್ಳೇದು ಅನ್ನಿಸುವುದಕ್ಕೇ ‘ವಂತ’ ಹೊಂದುತ್ತದೆ. ಇನ್ನೊಬ್ಬ ‘ನೋಡೋಣಗೇಡಿ’ ಅಂದ. ಬೈಗುಳದ ಪದ, ಹೊಂದುತ್ತೆ ಅಂತ ಅವನ ಲೆಕ್ಕ. ಆದರೆ ಒಬ್ಬಳು ಸಣ್ಣವಳು ತಡೆದಳು. “ನಾಚಿಕೆಗೇಡಿ ಅಂದ್ರ ನಾಚಿಕೆ ಇಲ್ಲದಾಂವ. ಹಂಗಾದ್ರ ನೋಡೋಣಗೇಡಿ ಅಂದ್ರ ಹಿಂದ ಮುಂದ ನೋಡದ ಹೂಂ ಅನ್ನಾಂವ!” ಈಗ ಆ ಪದ ಅದೇ ಅರ್ಥದಲ್ಲಿ ಓಣಿಯಲ್ಲಿ ಓಡಾಡುತ್ತಿದೆ. ಗೊತ್ತುಗುರಿ ಇಲ್ಲದೆ ಸಾಲ ಮಾಡಿ ಬೈಕ್ ತಂದವನು ಪಕ್ಕಾ ನೋಡೋಣಗೇಡಿ.

ಇದರಿಂದ ಭಾಷೆ ಕೆಡುತ್ತದೆ ಅನ್ನುವ ಹಿರಿಯರಿದ್ದಾರೆ. ನಾನು ಒಪ್ಪುವುದಿಲ್ಲ. 9ನೇ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಸೀಮೆಯನ್ನು ಕನ್ನಡದ ತಿರುಳು ಎಂದು ಕರೆದಿದೆ. ಆ ಕೊಪಣವೇ ನಮ್ಮ ಕೊಪ್ಪಳ. ಓದದೆಯೂ ಕಾವ್ಯ ಬಲ್ಲ ಜನ ಇವರು ಅಂತ ಕನ್ನಡಿಗರನ್ನು ಹೊಗಳಿದ್ದೂ ಅದೇ ಗ್ರಂಥ. ವ್ಯಾಕರಣದ ಪುಸ್ತಕ ತೆರೆಯದ ಆ ಸಣ್ಣವಳು ‘ಗೇಡಿ’ಯ ಅರ್ಥ ಬಿಡಿಸಿದ ರೀತಿ ಕೇಳಿದರೆ, ಆ ಹೊಗಳಿಕೆ ಸುಮ್ನೆ ಅಲ್ಲ ಅನ್ನಿಸುತ್ತದೆ, ಅಲ್ವಾ?

ಈಗ ಆಟ ‘ಆತ್ ಬಿಡ್ರಿ’ಗೆ ಬಂದಿದೆ. ಪದ ಕಟ್ಟುವ ಮೊದಲು ಮಕ್ಕಳು ಮಾಡಿದ ಕೆಲಸ ಕೇಳಿ. ಮರ್ಯಾದೆಯ ‘ರಿ’ ತೆಗೆದರು. ‘ರಿ’ ಆದಮೇಲೆ ‘ತನ’ದಂಥದ್ದು ಅಂಟುವುದಿಲ್ಲ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆಮೇಲೆ ‘ತನ’ ಹಚ್ಚಿದರು. ‘ಆತ್‌ಬಿಡತನ’ ತಯಾರಾಯಿತು.