ಹನ್ನೆರಡು ಜನಕ್ಕೊಬ್ಬರು

ಕೇಳುಗರೇ, ನಮಸ್ಕಾರ.

ಒಂದು ಕ್ರೈಸ್ತ ಸಭೆಯಲ್ಲಿ ಮುನ್ನೂರು ಕುಟುಂಬಗಳಿವೆ, ಸಭಾಪಾಲಕರು, ಅಂದರೆ ಪಾಸ್ಟರ್, ಒಬ್ಬರೇ ಎಂದುಕೊಳ್ಳಿ. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕೆಲಸ ಹೋಗಿದೆ, ಯಾರು ಆರಾಧನೆಗೆ ಬರುವುದನ್ನೇ ಬಿಟ್ಟಿದ್ದಾರೆ, ಇದೆಲ್ಲ ಅವರೊಬ್ಬರಿಗೆ ಹೇಗೆ ತಿಳಿಯಬೇಕು? ಈ ಪ್ರಶ್ನೆಗೆ ಸಿಕ್ಕ ಒಂದು ಒಳ್ಳೆಯ ಉತ್ತರ ಹುಟ್ಟಿದ್ದು ಸಾಲ ತೀರಿಸುವ ಮಾತುಕತೆಯಲ್ಲಿ.

1742ರ ಫೆಬ್ರವರಿ, ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣ. ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಬೋಧಕ ಜಾನ್ ವೆಸ್ಲಿಯವರ ಬಳಗ ಅಲ್ಲಿ ಕಟ್ಟಿದ್ದ ಮಂದಿರದ ಸಾಲ ಇನ್ನೂ ಬಾಕಿ ಇತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು ಒಬ್ಬರು. ಎಷ್ಟೋ ಜನ ಬಡವರು, ಅದೂ ಆಗುವುದಿಲ್ಲ ಎಂದರು ಇನ್ನೊಬ್ಬರು. ಹಾಗಾದರೆ ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರವಾರ ಅವರನ್ನು ನೋಡಿ ಬರುತ್ತೇನೆ, ಅವರಿಂದ ಆಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ ಎಂದರು ಮೊದಲನೆಯವರು. ಎಂಥ ಮಾತು ಅಲ್ವಾ!

ಹೀಗೆ ಹನ್ನೆರಡು ಜನರ 'ಕ್ಲಾಸ್' ಎಂಬ ಗುಂಪುಗಳು ಶುರುವಾದವು. ಒಂದೊಂದಕ್ಕೂ ಒಬ್ಬ ಲೀಡರ್. ಕಾಸಿಗೆಂದು ಮನೆಗೆ ಹೋದವರಿಗೆ ಮನೆಯ ಕಷ್ಟವೂ ಕಂಡಿತು. ಒಬ್ಬರ ಮನೆಯಲ್ಲಿ ಜಗಳ, ಇನ್ನೊಬ್ಬರಿಗೆ ಕುಡಿತ. ವೆಸ್ಲಿಯವರಿಗೆ ಆಗ ಹೊಳೆಯಿತು, ತಾವು ಬಹಳ ದಿನದಿಂದ ಹುಡುಕುತ್ತಿದ್ದ ವ್ಯವಸ್ಥೆ ಇದೇ ಎಂದು. ಮನೆಮನೆ ಸುತ್ತುವುದು ಕಷ್ಟವಾದಾಗ ಗುಂಪಿನವರೇ ವಾರಕ್ಕೊಮ್ಮೆ ಒಂದೆಡೆ ಸೇರತೊಡಗಿದರು. ಮನಸ್ಸು ಬಿಚ್ಚಿ ಮಾತಾಡಿದರು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿದರು. ಲೀಡರ್‌ಗಳಲ್ಲಿ ಕೂಲಿ ಮಾಡುವವರಿದ್ದರು, ಹೆಂಗಸರೂ ಇದ್ದರು. ಅವರು ವಾರಕ್ಕೊಮ್ಮೆ ಬೋಧಕರನ್ನು ಕಂಡು, ಯಾರು ಹೇಗಿದ್ದಾರೆ ಎಂದು ತಿಳಿಸುತ್ತಿದ್ದರು. ನನ್ನ ಪ್ರಕಾರ ಇಡೀ ಏರ್ಪಾಡಿನ ಜೀವ ಈ ಭೇಟಿಯಲ್ಲೇ ಇತ್ತು. ಇದಿಲ್ಲದಿದ್ದರೆ ಗುಂಪು ಒಂದು ಕಡೆ, ಸಭೆ ಒಂದು ಕಡೆ ಆಗಿಬಿಡುತ್ತಿತ್ತು.

ಈ ಪರಂಪರೆ ನಮಗೆ ದೂರದ್ದಲ್ಲ. ವೆಸ್ಲಿಯನ್ ಮಿಷನರಿಗಳು ಬೆಂಗಳೂರು, ಮೈಸೂರು, ಗುಬ್ಬಿಯಲ್ಲಿ ಕೆಲಸ ಮಾಡಿದವರು. ಅವರು ಕಟ್ಟಿದ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐನಲ್ಲಿ, ಸೇರಿದವು. ಇಡೀ ಸಭೆಯ ಆಡಳಿತ ಮಂಡಳಿಯಾದ ಸಿನೋಡ್, ಬಿಷಪ್ಪರ ಆಡಳಿತ ಪ್ರದೇಶವಾದ ಡಯಾಸಿಸ್, ಸ್ಥಳೀಯ ಸಭೆಯನ್ನು ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿ, ಎಲ್ಲವೂ ನಮಗಿವೆ. ಅವು ಬೇಕು. ಲೆಕ್ಕ ನೋಡಲು, ಆಸ್ತಿ ಕಾಯಲು, ಸಭಾಪಾಲಕರನ್ನು ನೇಮಿಸಲು ಬೇಕೇ ಬೇಕು. ಆದರೆ ಅಳುತ್ತಿರುವ ಮನೆಯ ಬಾಗಿಲು ತಟ್ಟುವುದು ಕಮಿಟಿಯಿಂದ ಆಗುವ ಕೆಲಸವಲ್ಲ. ಅದಕ್ಕೆ ಹೆಸರಿಟ್ಟು ಕರೆಯುವಷ್ಟು ಪರಿಚಯದ ಒಬ್ಬರು ಬೇಕು.

ನಮ್ಮಲ್ಲಿ ಮನೆ ಪ್ರಾರ್ಥನೆಗಳು ಈಗಲೂ ನಡೆಯುತ್ತವೆ. ಅಲ್ಲಿಂದಲೇ ಶುರು ಮಾಡಬಹುದು. ಸದಸ್ಯರ ಪಟ್ಟಿಯನ್ನು ಬೀದಿ, ಬಡಾವಣೆ ನೋಡಿ ಹಂಚಿಕೊಳ್ಳಿ. ಚೆನ್ನಾಗಿ ಭಾಷಣ ಮಾಡುವವರನ್ನಲ್ಲ, ತಾಳ್ಮೆಯಿಂದ ಕೇಳಿಸಿಕೊಳ್ಳುವವರನ್ನು ಲೀಡರ್ ಮಾಡಿ. ಮನೆಯಲ್ಲಿ ಕೇಳಿದ ಗುಟ್ಟು ಬೀದಿಗೆ ಬರಬಾರದು ಎಂದು ಮೊದಲ ದಿನವೇ ಹೇಳಿಬಿಡಿ. ಸಭಾಪಾಲಕರು ಈ ಲೀಡರ್‌ಗಳ ಜೊತೆ ತಿಂಗಳಿಗೊಮ್ಮೆಯಾದರೂ ಕೂತು ಮಾತಾಡಲಿ. ಆರಾಧನೆಗೆ ಬರದೆ ಇರುವವರ ಮನೆಗೆ ಮೊದಲು ಹೋಗಿ. ಆ ಸಲ ಮಾತ್ರ ಕಾಣಿಕೆಯ ವಿಷಯ ಎತ್ತಬೇಡಿ.

ನಮಸ್ಕಾರ.