ಅಪ್ಪನ ಮನೆಯ ಹಳೇ ಬ್ರಾಡ್‌ಬ್ಯಾಂಡ್ ರಿಪೇರಿ

ಮೊದಲು ಈ ಶಬ್ದ ಕೇಳಿ. ಹೆಡ್‌ಫೋನ್ ಹಾಕಿಕೊಂಡಿದ್ದರೆ ವಾಲ್ಯೂಮ್ ಸ್ವಲ್ಪ ಕಡಿಮೆ ಇಟ್ಕೊಳ್ಳಿ.

ಬಿಸಿ ಎಣ್ಣೇಲಿ ಸಾಸಿವೆ ಸಿಡಿದ ಹಾಗಿದೆ ಅಲ್ವಾ? ಇದು ತೀರ್ಥಹಳ್ಳಿ ಹತ್ತಿರದ ನಮ್ಮಪ್ಪನ ಮನೆ ಲ್ಯಾಂಡ್‌ಲೈನು. ರಿಸೀವರ್ ಎತ್ತಿ, ಯಾವುದೋ ಒಂದು ಅಂಕಿ ಒತ್ತಿ, ಸುಮ್ಮನೆ ಕಿವಿಗೆ ಹಿಡ್ಕೊಂಡೆ ಅಷ್ಟೆ. ಅಂಕಿ ಒತ್ತಿದ ತಕ್ಷಣ ಡಯಲ್ ಟೋನ್ ನಿಲ್ಲುತ್ತೆ, ಆಮೇಲೆ ಸ್ವಲ್ಪ ಹೊತ್ತು ಲೈನು ಪೂರ್ತಿ ಮೌನವಾಗಿರಬೇಕು. ಇಲ್ಲಿ ಹಿಂಗೆ ಸಿಡೀತಾ ಇದೆ. ಆದರೆ ಅಪ್ಪನ ದೂರು ಫೋನಿನ ಮೇಲಲ್ಲ. "ಇಂಟರ್ನೆಟ್ ಸತ್ತೇ ಹೋಗಿದೆ ಮಾರಾಯ, ಒಂದು ತಾಳಮದ್ದಲೆ ನೆಟ್ಟಗೆ ಕೇಳಕ್ಕಾಗಲ್ಲ" ಅಂತ. ಈ ಕರಕರಕ್ಕೂ ನೆಟ್ಟಿಗೂ ಸಂಬಂಧ ಇರಬಹುದು ಅಂತ ಅವರಿಗೆ ಅನಿಸೇ ಇಲ್ಲ. ಎರಡೂ ಬರೋದು ಒಂದೇ ಜೊತೆ ತಾಮ್ರದ ತಂತಿಯಲ್ಲಿ.

"ಫೈಬರ್ ಹಾಕ್ಸಿ ಬ್ರೋ" ಅಂತ ಕಾಮೆಂಟಲ್ಲಿ ಟೈಪ್ ಮಾಡೋಕೆ ಹೊರಟವರು ಒಂಚೂರು ತಡೀರಿ. ಫೈಬರ್ ಮೇನ್ ರೋಡಿನ ತನಕ ಬಂದಿದೆ. ಅಲ್ಲಿಂದ ತೋಟ ದಾಟಿ ಮನೆಗೆ ಬರೋಕೆ ಕಂಬ ಯಾರು ಹಾಕಬೇಕು ಅನ್ನೋ ಮಾತು ಇನ್ನೂ ನಡೀತಾ ಇದೆ. ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಸಿಗುತ್ತೆ, ಮಳೆಗಾಲದಲ್ಲಿ ಅಲ್ಲಿ ಕೊಡೆ ಹಿಡ್ಕೊಂಡು ನಿಲ್ಲಬೇಕು. ಹಾಗಾಗಿ ಸದ್ಯಕ್ಕೆ ಫೋನಿನ ತಾಮ್ರದ ತಂತೀಲೇ ಇಂಟರ್ನೆಟ್ ತರೋ ಹಳೇ ಎಡಿಎಸ್‌ಎಲ್ಲೇ ಗತಿ.

ಸ್ಪೀಡ್ ಟೆಸ್ಟ್ ಮಾಡಿದೆ. 1 ಎಂಬಿಪಿಎಸ್ ಆಸುಪಾಸು. ಭಾರತ ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಕನಿಷ್ಠ 2 ಎಂಬಿಪಿಎಸ್ ಬೇಕು ಅಂತ ಮಾಡಿತು. ಅಂದರೆ ಅಪ್ಪ ಪ್ರತಿ ತಿಂಗಳು ಬ್ರಾಡ್‌ಬ್ಯಾಂಡ್ ಬಿಲ್ ಕಟ್ಟಿ ತಗೊಳ್ತಾ ಇರೋದು ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡೇ ಅಲ್ಲ!

ವೈಫೈ ಮೇಲೆ ಅನುಮಾನ ಬರೋದು ಸಹಜ. ರೂಟರ್ ಇರೋದು ಕಬ್ಬಿಣದ ಬೀರು ಹಿಂದೆ, ನಡುವೆ ದಪ್ಪ ಮಣ್ಣಿನ ಗೋಡೆ ಬೇರೆ. ಅದಕ್ಕೇ ಲ್ಯಾಪ್‌ಟಾಪಿಗೆ ನೇರವಾಗಿ ಲ್ಯಾನ್ ಕೇಬಲ್ ಚುಚ್ಚಿ ನೋಡಿದೆ. ಅದೇ ಸ್ಪೀಡು. ವೈಫೈ ಕೇಸು ಅಲ್ಲಿಗೇ ಖುಲಾಸೆ. ಈ ಒಂದು ಪರೀಕ್ಷೆ ಮಾಡದೆ ಪೇಟೆಗೆ ಹೋದರೆ ಅಂಗಡಿಯವರು ನಾಲ್ಕು ಆಂಟೆನಾದ ರೂಟರ್ ಕೊಟ್ಟು ಕಳಿಸ್ತಾರೆ. ಈಗ ಬರೋ ಎಷ್ಟೋ ರೂಟರ್‌ಗಳಲ್ಲಿ ಫೋನ್ ವೈರ್ ಚುಚ್ಚೋ ಜಾಗವೇ ಇರಲ್ಲ, ಮನೆಗೆ ತಂದ ಮೇಲೆ ಅದನ್ನ ಶೋಕೇಸಲ್ಲಿ ಇಡಬೇಕು.

ಈಗ ಬ್ರೌಸರಲ್ಲಿ 192.168.1.1 ಅಂತ ಹೊಡೆದು ರೂಟರ್ ಒಳಗೆ ಹೋಗೋಣ. ಸ್ಟೇಟಸ್ ಅಂತ ಇರುತ್ತೆ, ಅದರೊಳಗೆ ಡಿಎಸ್‌ಎಲ್. ಇದನ್ನ ಯಾರೂ ತೆರೆದು ನೋಡಲ್ಲ. ನನ್ನ ಪ್ರಕಾರ ಸ್ಪೀಡ್ ಟೆಸ್ಟ್‌ಗಿಂತ ಹೆಚ್ಚು ನಿಜ ಹೇಳೋದು ಈ ಪುಟವೇ.

ಇಲ್ಲಿ ಡೌನ್‌ಸ್ಟ್ರೀಮ್ ರೇಟ್ 1.2 ಎಂಬಿಪಿಎಸ್. ಇದು ನಮ್ಮ ಮೋಡೆಮ್ಮೂ (ಈ ರೂಟರ್ ಡಬ್ಬಿಯೊಳಗೇ ಇದೆ) ಟೆಲಿಫೋನ್ ಎಕ್ಸ್‌ಚೇಂಜೂ ತಮ್ಮತಮ್ಮಲ್ಲೇ ಒಪ್ಪಿಕೊಂಡಿರೋ ವೇಗ. ಇದಕ್ಕಿಂತ ಒಂದು ಚೂರೂ ಹೆಚ್ಚು ಬರೋಕೆ ಸಾಧ್ಯ ಇಲ್ಲ. ಪ್ಲಾನ್ ದೊಡ್ಡದು ಮಾಡಿಸಿದರೂ ಇಲ್ಲ, ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕೋ ಡಿಎನ್‌ಎಸ್ ಬದಲಾಯಿಸಿದರೂ ಇಲ್ಲ. ಕೆಳಗಡೆ ಅಟೆನ್ಯುಯೇಷನ್ 52 ಡೆಸಿಬಲ್. ಸಿಗ್ನಲ್ ದಾರಿಯಲ್ಲಿ ಎಷ್ಟು ಸೊರಗಿದೆ ಅಂತ ಇದರರ್ಥ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಾದರೆ ಕಿಲೋಮೀಟರಿಗೆ ಸುಮಾರು 14 ಡೆಸಿಬಲ್ ಲೆಕ್ಕ ಹಿಡೀತಾರೆ. ಅಲ್ಲಿಗೆ ಎಕ್ಸ್‌ಚೇಂಜು ತಂತಿ ಸುತ್ತಿಕೊಂಡು ಬರೋ ದಾರಿಯಲ್ಲಿ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಒಳಗಿದೆ. ಎಡಿಎಸ್‌ಎಲ್ 2 ಪ್ಲಸ್ ಅಂದರೆ 24 ಎಂಬಿಪಿಎಸ್ ಅಂತ ಡಬ್ಬಿ ಮೇಲೆ ಬರೆದಿರುತ್ತೆ, ಅದು ಎಕ್ಸ್‌ಚೇಂಜ್ ಪಕ್ಕದ ಮನೆಯವರಿಗೆ. ನಮ್ಮ ದೂರಕ್ಕೆ ನಾಲ್ಕೈದು ಬಂದರೆ ಅದೇ ಭಾಗ್ಯ. ಆದರೆ ನಾಲ್ಕು ಬರಬೇಕಾದ ಕಡೆ ಒಂದು ಬರ್ತಿದೆ ಅಂದರೆ ದೂರದ ಜೊತೆ ಇನ್ನೇನೋ ಇದೆ.

ಆ ಇನ್ನೇನೋ ಯಾವುದು ಅನ್ನೋದನ್ನ ಮೂರನೇ ಸಂಖ್ಯೆ ಹೇಳುತ್ತೆ. ಎಸ್‌ಎನ್‌ಆರ್ ಮಾರ್ಜಿನ್. ಗದ್ದಲದ ನಡುವೆ ಮಾತು ತಿಳಿಯೋಕೆ ಬೇಕಾದ್ದಕ್ಕಿಂತ ಎಷ್ಟು ಹೆಚ್ಚು ಸ್ಪಷ್ಟ ಕೇಳ್ತಿದೆ ಅನ್ನೋ ಅಳತೆ, ಇದೂ ಡೆಸಿಬಲ್ಲಲ್ಲೇ. 6ಕ್ಕಿಂತ ಕೆಳಗೆ ಹೋದರೆ ಲೈನು ಕಡಿಯೋ ಸಾಧ್ಯತೆ ಹೆಚ್ಚು. ನೋಡಿ, ಇಲ್ಲಿ 5, ಈಗ 3, ಮತ್ತೆ 4. ಗಾಳಿ ಬೀಸಿದಾಗ ಬೀಳುತ್ತೆ. ಗಾಳಿಗೆ ಅಲ್ಲಾಡೋದು ಮನೆ ಹೊರಗಿನ ತಂತಿ.

ಮಾತಿಗೆ ಫೋನ್ ಲೈನಲ್ಲಿ ಬೇಕಾಗೋದು 4 ಕಿಲೋಹರ್ಟ್ಸ್ ಒಳಗಿನ ಜಾಗ. ಅದರ ಮೇಲಿಂದ 2.2 ಮೆಗಾಹರ್ಟ್ಸ್ ತನಕದ ಜಾಗವನ್ನ ಎಡಿಎಸ್‌ಎಲ್ 2 ಪ್ಲಸ್ ನೂರಾರು ಸಣ್ಣ ಸಣ್ಣ ಓಣಿ ಮಾಡಿಕೊಂಡು ಬಳಸುತ್ತೆ. ಯಾವ ಓಣೀಲಿ ಗದ್ದಲ ಜಾಸ್ತಿಯೋ ಅಲ್ಲಿ ಡೇಟಾ ಕಡಿಮೆ ಕಳಿಸುತ್ತೆ. ಅದಕ್ಕೇ ಲೈನ್ ಕೆಟ್ಟರೆ ನೆಟ್ಟು ಒಂದೇ ಏಟಿಗೆ ನಿಲ್ಲಲ್ಲ, ವರ್ಷಗಟ್ಟಲೆ ನಿಧಾನ ಆಗ್ತಾ ಹೋಗುತ್ತೆ. ಮನೆಯವರು ಅದಕ್ಕೆ ಒಗ್ಗಿಕೊಂಡುಬಿಡ್ತಾರೆ.

ಹೊರಗಿನದಕ್ಕೆ ಲೈನ್‌ಮನ್ ಬೇಕು. ಅವರು ಬರೋ ಮೊದಲು ಮನೆ ಒಳಗಿನದನ್ನ ಚೊಕ್ಕ ಮಾಡೋಣ. ಜಗಲಿಗೆ ಬಂದ ತಂತಿ ಈ ಬಿಳೀ ರೋಸೆಟ್ ಡಬ್ಬಿಗೆ ಸೇರುತ್ತೆ. ಅಲ್ಲಿಂದ ಒಂದು ಕವಲು ಮಲಗೋ ಕೋಣೆಗೆ, ಒಂದು ಅಡುಗೆಮನೆಗೆ, ಇನ್ನೊಂದು ಮಹಡಿಗೆ. ಒಂದು ಕಾಲದಲ್ಲಿ ಮೂರು ಕಡೆ ಪ್ಯಾರಲಲ್ ಫೋನ್ ಇಡೋದು ನಮ್ಮಲ್ಲಿ ದೊಡ್ಡಸ್ತಿಕೆಯ ಲಕ್ಷಣ. ಫೋನ್‌ಗಳು ಯಾವತ್ತೋ ಹೋದವು, ವೈರು ಗೋಡೆ ಮೇಲೆ ಹಾಗೇ ಇದೆ. ತುದೀಲಿ ಏನೂ ಇಲ್ಲದ ಇಂಥ ವೈರೊಳಗೆ ಹೋದ ಸಿಗ್ನಲ್ ತುದಿಗೆ ಬಡಿದು ವಾಪಸ್ ಬಂದು ಅಸಲಿ ಸಿಗ್ನಲ್‌ಗೇ ಅಡ್ಡ ನಿಲ್ಲುತ್ತೆ. ಎಲ್ಲ ಕವಲೂ ಬಿಚ್ಚಿದೆ. ಫೋನಿನ ಮಾತನ್ನೂ ನೆಟ್ಟನ್ನೂ ಬೇರೆ ಮಾಡೋ ಪುಟ್ಟ ಡಬ್ಬಿ, ಸ್ಪ್ಲಿಟರನ್ನ ರೋಸೆಟ್‌ಗೇ ಹಾಕಿ, ಮೋಡೆಮ್ಮನ್ನ ಜಗಲಿಗೆ ತಂದೆ. ಅಲ್ಲಿಂದ ಮನೆಯೊಳಗೆ ಲ್ಯಾನ್ ಕೇಬಲ್ ಎಳೆದರಾಯ್ತು. ಉದ್ದ ಆದರೂ ಪರವಾಗಿಲ್ಲ, ಅದು ನೂರು ಮೀಟರ್ ತನಕ ತಡೆಯುತ್ತೆ.

1.2 ಇದ್ದದ್ದು 2.3 ಆಯ್ತು. ಒಂದು ರೂಪಾಯಿ ಖರ್ಚಿಲ್ಲದೆ. ಅಪ್ಪ ಮಾತ್ರ ಗೋಡೆ ಮೇಲೆ ಉಳಿದ ಮೊಳೆ ಎಣಿಸ್ತಾ ನಿಂತಿದ್ದರು.

ಕಂಪ್ಲೇಂಟ್ ಕೊಡೋದರಲ್ಲೂ ಒಂದು ಉಪಾಯ ಇದೆ. "ನೆಟ್ ಸ್ಲೋ" ಅಂತ ಫೋನ್ ಮಾಡಿದರೆ ಆ ಕಡೆಯಿಂದ "ರೂಟರ್ ಆಫ್ ಮಾಡಿ ಆನ್ ಮಾಡಿ ಸರ್" ಅನ್ನೋ ಮಂತ್ರ ಬರುತ್ತೆ. "ಲೈನಲ್ಲಿ ಕರಕರ, ಮಾತೇ ಕೇಳಿಸಲ್ಲ" ಅನ್ನಿ, ಲೈನ್‌ಮನ್‌ಗೆ ಕೆಲಸ ಹೋಗುತ್ತೆ. ಸುಳ್ಳಲ್ಲವಲ್ಲ. ದೂರಿಗೆ ಕೊಡೋ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ.

ಲೈನ್‌ಮನ್ ಬಂದರು. ರಿಸೀವರ್ ಕಿವಿಗಿಟ್ಟು, "ಮೇಷ್ಟ್ರೇ, ಇದು ಜಾಯಿಂಟೇ ಸೈ" ಅಂದರು. ಅಪ್ಪ ಮೇಷ್ಟ್ರಾಗಿ ರಿಟೈರ್ ಆದವರು, ಈ ಊರಲ್ಲಿ ಅವರಿಗೆ ಬೇರೆ ಹೆಸರಿಲ್ಲ. "ಕಾಫಿ ಕುಡಿದು ಹತ್ತಿ" ಅಂದರು ಅಪ್ಪ. "ಮೊದಲು ಕೆಲಸ, ಮಳೆ ಬರಂಗಿದೆ" ಅಂತ ಅವರು ಏಣಿ ತಗೊಂಡು ತೋಟಕ್ಕೆ ಇಳಿದೇಬಿಟ್ಟರು.

ಇದನ್ನ ಜೂಮ್ ಮಾಡಿ ತೋರಿಸ್ತೀನಿ. ಅಡಿಕೆ ಸೋಗೆ ಬಿದ್ದು ಯಾವತ್ತೋ ಕಡಿದುಹೋದ ತಂತಿಯನ್ನ ಯಾರೋ ಕೈಯಲ್ಲೇ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದಾರೆ. ಒಳಗೆ ನೀರು ಇಳಿದು ತಾಮ್ರ ಹಸಿರಾಗಿದೆ. ಈ ಹಸಿರು ತುಕ್ಕು ಕರೆಂಟಿಗೆ ತಡೆ. ತಂತಿ ಅಲ್ಲಾಡಿದ ಹಾಗೆಲ್ಲ ಕೂಡೋದು, ಬಿಡೋದು. ನೀವು ಕೇಳಿದ ಶಬ್ದ ಇಲ್ಲಿಂದ ಬರ್ತಾ ಇತ್ತು. ಅವರು ಆ ತುಂಡು ಕತ್ತರಿಸಿ, ಹೊಸ ತಂತಿ ಎಳೆದು, ಒಳಗೆ ಜೆಲ್ಲಿ ತುಂಬಿರೋ ಪುಟ್ಟ ಕನೆಕ್ಟರ್ ಹಾಕಿ ಇಕ್ಕಳದಲ್ಲಿ ಒತ್ತಿದರು. ಜೆಲ್ಲಿ ಇದ್ದರೆ ನೀರು ಒಳಗೆ ಹೋಗಲ್ಲ. ಮನೆಮನೆಗೆ ತಂತಿ ಹಂಚೋ ಕಂಬದ ಡಿಪಿ ಬಾಕ್ಸಲ್ಲಿ ನಮ್ಮ ತಂತಿ ಜೋಡಿಯನ್ನೂ ಬದಲಾಯಿಸಿದರು.

ಈಗ ರೇಟ್ 4.6, ಮಾರ್ಜಿನ್ 9, ಗಾಳಿಗೂ ಅಲ್ಲಾಡ್ತಿಲ್ಲ. ಸ್ಪೀಡ್ ಟೆಸ್ಟಲ್ಲಿ ಸುಮಾರು 3.9 ಬರ್ತಿದೆ. ಉಳಿದದ್ದು ಕಳ್ಳತನ ಆಗಿಲ್ಲ. ಎಡಿಎಸ್‌ಎಲ್ ಡೇಟಾವನ್ನ 53 ಬೈಟಿನ ತುಂಡು ಮಾಡಿ ಕಳಿಸುತ್ತೆ, ಅದರಲ್ಲಿ 5 ಬೈಟ್ ಬರೀ ವಿಳಾಸಕ್ಕೆ, ಮೇಲೆ ಇನ್ನಷ್ಟು ಚಿಲ್ಲರೆ ಖರ್ಚು.

ರಾತ್ರಿ ಎಂಟು ಗಂಟೆ ಹೊತ್ತಿಗೆ ಮತ್ತೆ ನಿಧಾನ ಆಯ್ತು. ರೂಟರ್ ಪುಟದಲ್ಲಿ ಅದೇ 4.6. ಅಂದರೆ ನಮ್ಮ ಲೈನು ಸರಿ ಇದೆ, ಎಕ್ಸ್‌ಚೇಂಜಿನಿಂದ ಆಚೆಗೆ ಜನಜಂಗುಳಿ. ಅದಕ್ಕೆ ಬೇರೆ ಕಂಪ್ಲೇಂಟ್ ಕೊಟ್ಟಿದ್ದೀನಿ, ಉತ್ತರ ಇನ್ನೂ ಬಂದಿಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು. ಗುಡುಗು ಶುರುವಾಗೋ ಸೂಚನೆ ಕಂಡರೆ ಕರೆಂಟ್ ಪ್ಲಗ್ ಜೊತೆ ಫೋನ್ ವೈರನ್ನೂ ಕಿತ್ತಿಡಿ. ಮೋಡೆಮ್ ಸುಡೋ ಸಿಡಿಲು ಆ ವೈರಲ್ಲೂ ಬರುತ್ತೆ.

ಅಪ್ಪ ಈಗ ತಾಳಮದ್ದಲೆಯನ್ನ 480ಪಿಯಲ್ಲಿ ಎಲ್ಲೂ ನಿಲ್ಲದೆ ನೋಡ್ತಾರೆ. ಈ ವಿಡಿಯೋ ಮಾತ್ರ ಇಲ್ಲಿಂದ ಹೋಗಲ್ಲ. ಎಡಿಎಸ್‌ಎಲ್‌ನಲ್ಲಿ ಡೌನ್‌ಲೋಡಿಗೆ ದೊಡ್ಡ ಪಾಲು, ಅಪ್‌ಲೋಡಿಗೆ ಚೂರು. ನಮ್ಮ ಲೈನಲ್ಲಿ 0.6 ಎಂಬಿಪಿಎಸ್. ಈ 2 ಜಿಬಿ ಫೈಲ್ ಹತ್ತೋಕೆ ಏಳು ಗಂಟೆಗೂ ಮೇಲೆ ಬೇಕು, ಅಷ್ಟರೊಳಗೆ ಗುಡುಗು ಬಂದರೆ ಅಪ್ಪ ವೈರ್ ಕೀಳ್ತಾರೆ. ನಾಳೆ ಶಿವಮೊಗ್ಗಕ್ಕೆ ಹೋದಾಗ ಅಪ್‌ಲೋಡ್ ಮಾಡ್ತೀನಿ.